ಹಳೆ ಲಿಥಿಯಂ ಬ್ಯಾಟರಿಗೆ ಎಷ್ಟು ಕೊಡಬಹುದು?

ಎಲ್ಲರಿಗೂ ನಮಸ್ಕಾರ. ಮಳೆಗಾಲ ಹತ್ತಿರ ಬಂತು ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇನ್ವರ್ಟರ್ ಬ್ಯಾಟರಿಯದೇ ಮಾತು. ಲೈನ್ ಮೇಲೆ ಮರ ಬಿತ್ತು ಅಂದರೆ ಕರೆಂಟು ಯಾವಾಗ ಬರುತ್ತೆ ಅಂತ ದೇವರಿಗೇ ಗೊತ್ತು. ಇದೇ ಹೊತ್ತಿಗೆ ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಒಂದು ಫೋನ್ ಬರುತ್ತೆ. 'ಹೆಗಡೇರೇ, ಮೊಬೈಲ್ ಟವರ್‌ನಿಂದ ಬಿಚ್ಚಿದ ಲಿಥಿಯಂ ಬ್ಯಾಟರಿ ಇದೆ, 80 ಪರ್ಸೆಂಟ್ ಹೆಲ್ತ್, ಹೊಸದರ 60 ಪರ್ಸೆಂಟ್ ಕೊಡಿ ಸಾಕು.' ಕೇಳಿದರೆ ಲಾಭ ಅನಿಸುತ್ತೆ ಅಲ್ವಾ? ನಾನು ಹೇಳ್ತೇನೆ, ಅದು ದುಬಾರಿ.

ಯಾಕೆ ಅಂದರೆ, 80 ಪರ್ಸೆಂಟ್ ಹೆಲ್ತ್ ಅಂದರೆ ಹೊಸದಿದ್ದಾಗ ಹಿಡಿಯುತ್ತಿದ್ದ ಕರೆಂಟಿನಲ್ಲಿ 80 ಪರ್ಸೆಂಟ್ ಈಗಲೂ ಹಿಡಿಯುತ್ತೆ ಅಂತ ಅಷ್ಟೇ, 80 ಪರ್ಸೆಂಟ್ ಆಯುಸ್ಸು ಉಳಿದಿದೆ ಅಂತ ಅಲ್ಲ. ಮನೆ ಬಳಕೆಗೆ ಬ್ಯಾಟರಿಯನ್ನು 100ರಿಂದ 60ಕ್ಕೆ ಇಳಿಯುವ ತನಕ ಓಡಿಸಬಹುದು ಅಂತ ಇಟ್ಟುಕೊಳ್ಳಿ. 80ಕ್ಕೆ ಬಂದಿದೆ ಅಂದರೆ ಅರ್ಧ ದಾರಿ ಮುಗಿದಿದೆ. ಉಳಿದ ಅರ್ಧದಲ್ಲೂ ದಿನಾ ಸಿಗೋದು ಕಡಿಮೆ ಕರೆಂಟು. ವಾರಂಟಿ ಇಲ್ಲ, ಬಿಲ್ ಇಲ್ಲ. ಹೊಸದಕ್ಕೆ 30,000 ಅಂದುಕೊಂಡರೆ ಮಾರುವವನು ಕೇಳ್ತಿರೋದು 18,000. ಅರ್ಧ ಆಯುಸ್ಸಿಗೆ ಅರ್ಧ ಬೆಲೆ, ಅದರಲ್ಲೂ ಉಳಿದ ಕೊರತೆಗೆ ಇನ್ನಷ್ಟು ಕಳೆದು ನಾನು ಕೊಡೋದು 10,000. ಆ 30,000 ಅನ್ನೋದೂ ಇವತ್ತಿನ ರೇಟೇ ಆಗಿರಬೇಕು. ನಾಲ್ಕು ವರ್ಷದ ಹಿಂದೆ ಅವನು ಎಷ್ಟಕ್ಕೆ ತಂದ ಅನ್ನೋದು ನಮಗೆ ಬೇಡ.

ಇನ್ನು ಆ 80 ಅಂತ ಅಳೆದವರು ಯಾರು? ಚಾಲಿ ಅಡಿಕೆ ಕೊಳ್ಳುವವನು ಚೀಲದ ಮೇಲಿನ ಬರಹ ನೋಡಿ ರೇಟು ಹಾಕ್ತಾನಾ, ಕೈ ಹಾಕಿ ಅಡಿಕೆ ಒಡೆದು ನೋಡ್ತಾನಲ್ಲ? ಇಲ್ಲಿ ಮಾತ್ರ ನಾವು ಸ್ಟಿಕ್ಕರ್ ನಂಬ್ತೇವೆ. ಮಾರುವವರು ಮೀಟರ್ ಇಟ್ಟು '13.2 ವೋಲ್ಟ್ ಇದೆ ನೋಡಿ' ಅಂತಾರೆ. ಇನ್ವರ್ಟರಿಗೆ ಬರುವ ಲಿಥಿಯಂ ಐರನ್ ಫಾಸ್ಫೇಟ್ ಅನ್ನೋ ಜಾತಿಯ ಬ್ಯಾಟರಿಯಲ್ಲಿ ಆ ಅಂಕಿಗೆ ಅರ್ಥವೇ ಇಲ್ಲ ಮಾರಾಯ್ರೆ. ಅರ್ಧ ಖಾಲಿಯಾದರೂ, ಮುಕ್ಕಾಲು ತುಂಬಿದ್ದರೂ ವೋಲ್ಟೇಜ್ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತೆ, ಸೆಲ್ ಎಷ್ಟು ಸವೆದಿದೆ ಅಂತ ಅದು ಹೇಳೋದೇ ಇಲ್ಲ. ಮೊಬೈಲ್ ಆ್ಯಪ್‌ನಲ್ಲಿ ಸೈಕಲ್ ಲೆಕ್ಕ, ಅಂದರೆ ಎಷ್ಟು ಸಲ ತುಂಬಿ ಖಾಲಿಯಾಯ್ತು ಅಂತ, ತೋರಿಸಿದರೂ ಅಷ್ಟೇ. ಹಳೆ ಸೆಲ್‌ಗೆ ಹೊಸ ಬಿಎಂಎಸ್ ಬೋರ್ಡ್ (ಸೆಲ್‌ಗಳನ್ನು ಕಾಯುವ, ಲೆಕ್ಕ ಇಡುವ ಸರ್ಕ್ಯೂಟ್) ಹಾಕಿದರೆ ಲೆಕ್ಕ ಸೊನ್ನೆಯಿಂದ ಶುರು.

ಖಾಲಿ ಮಾಡಿ ನೋಡೋದೊಂದೇ ದಾರಿ. 12 ವೋಲ್ಟಿನ 100 ಎಎಚ್ (ಆಂಪ್-ಅವರ್, ಆಂಪನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಬ್ಯಾಟರಿ, ಅಂದರೆ ಒಳಗೆ 3.2 ವೋಲ್ಟಿನ ನಾಲ್ಕು ಸೆಲ್. ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ಕಾರಿನ ಹೆಡ್‌ಲೈಟಿನ 55 ವ್ಯಾಟ್ ಬಲ್ಬ್ ಎರಡು ಹಚ್ಚಿ. ಕಲ್ಲಿನ ಮೇಲೋ ಸಿಮೆಂಟಿನ ಮೇಲೋ ಇಡಿ, ಚೆನ್ನಾಗಿ ಕಾಯುತ್ತವೆ. ಸುಮಾರು 9 ಆಂಪ್ ಎಳೆಯುತ್ತವೆ. ಬೆಳಿಗ್ಗೆ 8ಕ್ಕೆ ಹಚ್ಚಿದರೆ, ಹೇಳಿದ ಹಾಗೆ 80 ಪರ್ಸೆಂಟ್ ಇದ್ದರೆ, ಸಂಜೆ 5ರ ಹತ್ತಿರ ಆರಬೇಕು. ಮಧ್ಯಾಹ್ನ ಊಟದ ಹೊತ್ತಿಗೇ ಆರಿತು ಅಂದರೆ ಅಲ್ಲಿ ಇದ್ದಿದ್ದು 50 ಕೂಡ ಅಲ್ಲ. ಕೊನೆ ಕೊನೆಗೆ ಒಂದೊಂದೇ ಸೆಲ್‌ಗೆ ಮೀಟರ್ ಇಡಿ. ಮೂರು 3.1 ತೋರಿಸಿ ನಾಲ್ಕನೆಯದು 2.6ಕ್ಕೆ ಕುಸಿದಿದ್ದರೆ, ಆ ಒಂದು ಸೆಲ್ಲೇ ಇಡೀ ಬ್ಯಾಟರಿಯ ಯೋಗ್ಯತೆ. ಅದು 2.5ರ ಹತ್ತಿರ ಬಂದ ಕೂಡಲೇ ಬೋರ್ಡ್ ಎಲ್ಲವನ್ನೂ ಬಂದ್ ಮಾಡುತ್ತೆ, ಉಳಿದ ಮೂರರಲ್ಲಿ ಎಷ್ಟಿದ್ದರೂ ನಿಮಗೆ ಸಿಗಲ್ಲ.

ಕಾರವಾರ, ಅಂಕೋಲಾ, ಕುಮಟಾದವರು ಇನ್ನೊಂದು ನೋಡಬೇಕು. ಉಪ್ಪು ಗಾಳಿ ಅಲ್ಯೂಮಿನಿಯಂ ಟರ್ಮಿನಲ್ ಮೇಲೆ ಬಿಳಿ ಪುಡಿ ಕೂರಿಸುತ್ತೆ. ಎಲೆಕ್ಟ್ರಿಕ್ ಸ್ಕೂಟರ್‌ನ ಬ್ಯಾಟರಿ ಪ್ಯಾಕ್ ಬಿಚ್ಚಿದಾಗ ಸೆಲ್‌ಗಳ ನಡುವಿನ ಪಟ್ಟಿಗೆ ಕೆಂಪು ತುಕ್ಕು ಹಿಡಿದಿದ್ದರೆ ಅದು ನಿಕ್ಕಲ್ ಅಲ್ಲ, ನಿಕ್ಕಲ್ ಬಳಿದ ಕಬ್ಬಿಣ. ಹೊಟ್ಟೆ ಉಬ್ಬಿದ ಸೆಲ್ ಬೇಡ. ನೆರೆಯಲ್ಲಿ ಮುಳುಗಿದ ಗಾಡಿಯ ಬ್ಯಾಟರಿ ಪುಕ್ಕಟೆ ಕೊಟ್ಟರೂ ಬೇಡ, ಒಣಗಿದಂತೆ ಕಂಡರೂ ದಿನಗಳಾದ ಮೇಲೆ ಬೆಂಕಿ ಹತ್ತಬಹುದು.

ಟಾರ್ಚ್, ಪವರ್ ಬ್ಯಾಂಕ್‌ಗೆ ಹಾಕುವ ಚಿಕ್ಕ ಉರುಟು 18650 ಲಿಥಿಯಂ ಸೆಲ್ ಕೊಳ್ಳುವ ಹುಡುಗರಿಗೆ ಒಂದೇ ಮಾತು. ಒಳ್ಳೆಯ ಸೆಲ್ಲಿನ ತಾಕತ್ತು 3,500 ಎಂಎಎಚ್ ಆಸುಪಾಸು. ಮೇಲೆ 9,900 ಅಂತ ಬರೆದಿದ್ದರೆ ನಕ್ಕು ಮುಂದೆ ಹೋಗಿ. ಅನುಮಾನ ಬಂದರೆ ತೂಕ ಹಾಕಿ, ಸರಿಯಾದದ್ದು 45 ಗ್ರಾಂ ಹತ್ತಿರ ಇರುತ್ತೆ.

'ಟೆಸ್ಟ್‌ಗೆಲ್ಲಾ ಟೈಮಿಲ್ಲ, ಬೇರೆ ಗಿರಾಕಿ ಇದ್ದಾರೆ' ಅಂದರೆ ಆ ಗಿರಾಕಿಗೇ ಕೊಡಲಿ ಬಿಡಿ.

ರೇಟು ಮಾತಾಡುವಾಗ ಗುಜರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಳೆ ಲೆಡ್ ಬ್ಯಾಟರಿ ಸತ್ತರೂ ಸೀಸಕ್ಕೆ ಕೆಜಿ ಲೆಕ್ಕದಲ್ಲಿ ದುಡ್ಡು ಬರುತ್ತೆ. ಈ ಐರನ್ ಫಾಸ್ಫೇಟ್‌ನಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ, ಗುಜರಿಯವನಿಗೆ ಆಸೆ ಹುಟ್ಟಿಸುವಂಥದ್ದು ಜಾಸ್ತಿ ಏನಿಲ್ಲ. 2022ರ ನಿಯಮದಲ್ಲಿ ಹಳೆ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿದ್ದಾರೆ ನಿಜ. ಆದರೆ ಬಿಲ್ಲಿಲ್ಲದೆ, ಸ್ಟಿಕ್ಕರ್ ಕಿತ್ತ ಪೆಟ್ಟಿಗೆಯನ್ನು ಹಿಡಿದುಕೊಂಡು ನೀವು ಯಾವ ತಯಾರಕರ ಹತ್ತಿರ ಹೋಗ್ತೀರಿ? ಹಾಗಾಗಿ ಕೊನೆಗೆ ಕೈಗೆ ಬರೋದು ಸೊನ್ನೆ ಅಂತಲೇ ಹಿಡಿದು, ಆ 10,000ದಿಂದ ಕೆಳಗೆ ಚೌಕಾಸಿ ಶುರು ಮಾಡಿ.