ನಾರಾ ಅವರ ಹುಡುಗಿಗೆ ನಂಬರ್ ಯಾಕೆ?

ನಮಸ್ಕಾರ. ಈ ಹುಡುಗಿಯನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ದೊಡ್ಡ ತಲೆ, ಪುಟ್ಟ ಮೈ, ಬಿಗಿದ ತುಟಿ, ಓರೆಗಣ್ಣಿನ ನೋಟ. ಇವಳನ್ನು ಬರೆದವರು ಜಪಾನಿನ ಯೊಶಿತೊಮೊ ನಾರಾ. 2019ರ ಅಕ್ಟೋಬರ್‌ನಲ್ಲಿ ಹಾಂಕಾಂಗ್‌ನ ಸದಬೀಸ್ ಹರಾಜಿನಲ್ಲಿ ಇವಳ ಒಂದು ಪೇಂಟಿಂಗ್ 19.57 ಕೋಟಿ ಹಾಂಕಾಂಗ್ ಡಾಲರ್‌ಗೆ ಹೋಯಿತು. ಸುಮಾರು 2.5 ಕೋಟಿ ಅಮೆರಿಕನ್ ಡಾಲರ್!

ಅಷ್ಟು ಕೊಡಲಾಗದವರು ನಾರಾ ಅವರ ಲಿಮಿಟೆಡ್ ಎಡಿಷನ್ ಪ್ರಿಂಟ್ ಹುಡುಕುತ್ತಾರೆ. ಅಂಚಿನಲ್ಲಿ ಪೆನ್ಸಿಲ್ ಸಹಿ, ಜೊತೆಗೆ 12/50 ಅಂತ ಒಂದು ನಂಬರ್. ಐವತ್ತು ಕಾಪಿಗಳಲ್ಲಿ ಇದು ಹನ್ನೆರಡನೆಯದು, ಐವತ್ತೊಂದನೆಯದು ಬರುವುದಿಲ್ಲ ಅಂತ ಅರ್ಥ. ನನ್ನ ತಕರಾರು ಆ ನಂಬರ್ ಮೇಲೆ. ಈ ಹುಡುಗಿಗೆ ಅದು ಒಗ್ಗುವುದೇ ಇಲ್ಲ.

ಯಾಕೆ ಅಂದರೆ, ಮೊದಲು ಅವಳು ಯಾರು ಅಂತ ನೋಡಬೇಕು. ನಾರಾ ಹುಟ್ಟಿದ್ದು 1959ರಲ್ಲಿ, ಉತ್ತರ ಜಪಾನಿನ ಅವೊಮೊರಿ ಪ್ರಾಂತ್ಯದ ಹಿರೋಸಾಕಿಯಲ್ಲಿ. ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಿದ್ದರು. ಅಣ್ಣಂದಿರು ವಯಸ್ಸಿನಲ್ಲಿ ಬಹಳ ದೊಡ್ಡವರು. ಸ್ಕೂಲಿಂದ ಬಂದರೆ ಮನೆಯಲ್ಲಿ ಯಾರೂ ಇಲ್ಲ. ಹತ್ತಿರದ ಮಿಸಾವಾ ಅಮೆರಿಕನ್ ಸೇನಾ ನೆಲೆಯ ರೇಡಿಯೋದಲ್ಲಿ ಇಂಗ್ಲಿಷ್ ಹಾಡು ಬರುತ್ತಿತ್ತು. ಮಾತು ಅರ್ಥವಾಗದಿದ್ದರೂ ಹುಡುಗ ಕೇಳುತ್ತಿದ್ದ. ಮುಂದೆ 1988ರಲ್ಲಿ ಕಲಿಯಲು ಜರ್ಮನಿಯ ಡುಸೆಲ್ಡಾರ್ಫ್‌ಗೆ ಹೋದರು. ಅಲ್ಲಿ ಭಾಷೆ ಬರದೆ, ಮತ್ತೆ ಅದೇ ಒಂಟಿತನ. ಅವರ ಚಿತ್ರಗಳ ಹಿನ್ನೆಲೆ ಖಾಲಿಯಾಗಿದ್ದೂ, ಮಗು ಒಂದೇ ನಿಂತಿದ್ದೂ ಆ ಕಾಲದಲ್ಲೇ.

ಹರಾಜಾದ ಆ ಪೇಂಟಿಂಗನ್ನೇ ನೋಡಿ. 2000ದಲ್ಲಿ ಬರೆದದ್ದು. ಕೆಂಪು ಫ್ರಾಕ್ ಹಾಕಿದ ಹುಡುಗಿ, ಒಂದು ಕೈ ಬೆನ್ನ ಹಿಂದೆ. ಹೆಸರು, 'ಬೆನ್ನ ಹಿಂದೆ ಚಾಕು'. ಚಾಕು ಕಾಣುವುದೇ ಇಲ್ಲ! ಹೆಸರು ಓದಿದ ಮೇಲೆ ನಾವು ಮತ್ತೆ ಆ ಕೈ ನೋಡುತ್ತೇವೆ, ಆಮೇಲೆ ಆ ಕಣ್ಣು. ಇವಳು ಹೆದರಿಸುತ್ತಿದ್ದಾಳಾ, ಹೆದರಿದ್ದಾಳಾ? ಈ ಮಕ್ಕಳ ಚಾಕು ಆಟಿಕೆಯಷ್ಟು ಚಿಕ್ಕದು, ಸುತ್ತ ಇರುವ ದೊಡ್ಡವರ ಕೈಯಲ್ಲಿ ಅದಕ್ಕಿಂತ ದೊಡ್ಡ ಚಾಕುಗಳಿವೆ ಅಂತ ನಾರಾ ಒಮ್ಮೆ ಹೇಳಿದ್ದರು. ಅದನ್ನು ಓದಿದ ಮೇಲೆ ಇವಳನ್ನು ಕ್ಯೂಟ್ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ಪ್ರಿಂಟ್ ವಿಷಯ. ಜಪಾನಿಗೆ ಪ್ರಿಂಟ್ ಹೊಸದೇನಲ್ಲ. ಎಡೋ ಕಾಲದ, ಅಂದರೆ 17ರಿಂದ 19ನೇ ಶತಮಾನದ, ಉಕಿಯೊ-ಎ ಚಿತ್ರಗಳನ್ನು ಮರದ ಅಚ್ಚಿನಿಂದ ತೆಗೆಯುತ್ತಿದ್ದರು. ಪೇಟೆಯ ಸಾಮಾನ್ಯ ಜನ ಕೊಳ್ಳುವಷ್ಟು ಅಗ್ಗ. ಆ ಕಾಲದ ಚಿತ್ರಕಾರ ಹೊಕುಸಾಯ್ ಅವರ 'ದೊಡ್ಡ ಅಲೆ' ಚಿತ್ರ ಇದೆಯಲ್ಲ, ಅದರ ಕಾಪಿಗಳು ಸಾವಿರಗಟ್ಟಲೆ ಹೊರಬಂದವು. ಬೇಡಿಕೆ ಇರುವವರೆಗೆ ಅಚ್ಚು ಒತ್ತುತ್ತಿದ್ದರು, ಸವೆದ ಅಚ್ಚನ್ನೂ ಬಿಡುತ್ತಿರಲಿಲ್ಲ. ಇಷ್ಟೇ ಕಾಪಿ ಅಂತ ಎಣಿಸಿ, ಪೆನ್ಸಿಲ್‌ನಲ್ಲಿ ನಂಬರ್ ಹಾಕುವ ಪದ್ಧತಿ ಆಮೇಲೆ ಪಶ್ಚಿಮದಿಂದ ಬಂದದ್ದು.

1999ರಲ್ಲಿ ನಾರಾ ಇದೇ ಉಕಿಯೊ-ಎ ಚಿತ್ರಗಳ ಮೇಲೆ ಕೈಯಾಡಿಸಿದರು. ಹಳೆಯ ಸುಂದರಿಯರ ಜಾಗದಲ್ಲಿ ತಮ್ಮ ಸಿಡುಕಿನ ಹುಡುಗಿಯನ್ನು ತಂದು ಕೂರಿಸಿದರು. ಒಟ್ಟು 16 ಚಿತ್ರ. ಅದನ್ನು ಪ್ರಿಂಟ್ ಮಾಡಿದ್ದು ಯಾವುದರಲ್ಲಿ ಗೊತ್ತಾ? ಫ್ಯೂಜಿ ಜೆರಾಕ್ಸ್‌ನಲ್ಲಿ! ಕಾಪಿ ತೆಗೆಯುವುದಕ್ಕೇ ಹುಟ್ಟಿದ ಮೆಷಿನ್ ಅದು. ಮರದ ಅಚ್ಚಾದರೆ ಸವೆಯುತ್ತದೆ, ತಾಮ್ರದ ತಗಡಿನ ಗೆರೆಯೂ ಮಂಕಾಗುತ್ತದೆ, ಅಲ್ಲಿ ಒಂದು ಮಿತಿ ಬೇಕು ಅಂದರೆ ಒಪ್ಪಬಹುದು. ಜೆರಾಕ್ಸ್‌ಗೆ ಯಾವ ಮಿತಿ? ಆದರೂ ಎಡಿಷನ್ 50ಕ್ಕೆ ನಿಂತಿತು. ಆ ಸಂಖ್ಯೆ ಕಾಪಾಡುವುದು ಬೆಲೆಯನ್ನು, ಚಿತ್ರವನ್ನಲ್ಲ. ಕಲಾವಿದರಿಗೆ ದುಡ್ಡು ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಖಾಲಿ ಮನೆಯಲ್ಲಿ ಕೂತ ಮಗುವಿನ ಚಿತ್ರವನ್ನು ಕೊಂಡು, ಬೆಲೆ ಏರಲಿ ಅಂತ ಪ್ಯಾಕಿಂಗ್ ಕೂಡ ಬಿಚ್ಚದೆ ಗೋಡೌನ್‌ನಲ್ಲಿ ಇಡುವುದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ.

ನಾರಾ ಸ್ವತಃ ಬೇರೆ ದಾರಿಯನ್ನೂ ತೋರಿಸಿದ್ದಾರೆ. 1998ರಲ್ಲಿ ಅವರು ಒಂದು ಚಿತ್ರ ಬರೆದಿದ್ದರು. ಪುಟ್ಟ ಹುಡುಗಿ, ಕೈಯಲ್ಲಿ 'ನೋ ನ್ಯೂಕ್ಸ್', ಅಂದರೆ ಅಣುಶಕ್ತಿ ಬೇಡ, ಅನ್ನುವ ಫಲಕ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ಅಣು ಸ್ಥಾವರದ ದುರಂತ ಆಯಿತು. ಮರುವರ್ಷ ಟೋಕಿಯೋದಲ್ಲಿ ಜನ ಬೀದಿಗಿಳಿದಾಗ, ಈ ಚಿತ್ರವನ್ನು ಯಾರು ಬೇಕಾದರೂ ಪ್ರಿಂಟ್ ತೆಗೆದುಕೊಂಡು ಹಿಡಿಯಬಹುದು ಅಂತ ಬಿಟ್ಟುಕೊಟ್ಟರು. ಸಹಿ ಇಲ್ಲ, ನಂಬರ್ ಇಲ್ಲ, ಬರೀ ಕಾಗದ. ಜನ ಅದನ್ನು ಎತ್ತಿ ಹಿಡಿದು ನಡೆದರು.

ನನ್ನ ಪ್ರಕಾರ ಅವರ ಅತಿ ದೊಡ್ಡ ಪ್ರಿಂಟ್ ಅದೇ. ಮ್ಯೂಸಿಯಂಗಳು ಅದರ ಒಂದು ಮುದುಡಿದ ಕಾಪಿಯನ್ನು ಆ 50ರ ಎಡಿಷನ್ ಪಕ್ಕದಲ್ಲೇ, ಅಷ್ಟೇ ಒಳ್ಳೆ ಫ್ರೇಮ್ ಹಾಕಿ ತೂಗುಹಾಕಬೇಕು. ಇನ್ನು ಪ್ರಿಂಟ್ ಕೊಳ್ಳಬೇಕು ಅಂದುಕೊಂಡವರಿಗೆ ನನ್ನ ಮಾತು ಇಷ್ಟೇ. ನಾರಾ ಅವರ ಸಾದಾ ಪೋಸ್ಟರ್‌ಗಳೂ ಸಿಗುತ್ತವೆ. ಒಂದು ತಗೊಳ್ಳಿ, ಮನೆಯ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಿ. ಈ ಹುಡುಗಿಗೆ ಯಾಕೆ ಸಿಟ್ಟು ಅಂತ ಅವರನ್ನೇ ಕೇಳಿ.