ಅಗ್ಗದ ಬೆಂಚ್ ಡ್ರಿಲ್ಲಿನಿಂದ ನೇರವಾದ ತೂತು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ತೋಟದ ಮನೆಗಳಲ್ಲಿ ಕೈಯಲ್ಲಿ ಹಿಡಿದು ತೂತು ಕೊರೆಯುವ ಡ್ರಿಲ್ ಯಂತ್ರ ಈಗ ಅಪರೂಪದ ವಸ್ತುವಲ್ಲ. ಗೋಡೆಗೆ ಮೊಳೆ ಕೂರಿಸಲು, ಬಾಗಿಲಿಗೆ ಚಿಲಕ ಹಾಕಲು ಅದು ಸಾಕು. ಆದರೆ ಕೊಳೆರೋಗಕ್ಕೆ ಮದ್ದು ಬಿಡುವ ಪಂಪಿನ ಅಡಿಗೆ ಕಬ್ಬಿಣದ ಪಟ್ಟಿಯೊಂದನ್ನು ಹೊಂದಿಸಬೇಕಾದಾಗ, ಅದರ ನಾಲ್ಕು ತೂತುಗಳೂ ನೇರವಾಗಿ ಇಳಿದು ಪಂಪಿನ ನಾಲ್ಕು ಬೋಲ್ಟುಗಳಿಗೆ ಸರಿಯಾಗಿ ಕೂರಬೇಕಾದಾಗ, ಎಷ್ಟೇ ಪಳಗಿದ ಕೈಯಾದರೂ ಕೈಡ್ರಿಲ್ಲಿನೊಂದಿಗೆ ಸೋಲುತ್ತದೆ. ಅಂತಹ ಕೆಲಸಕ್ಕಾಗಿ ನಾನು ಏಳು ವರ್ಷಗಳ ಹಿಂದೆ ಒಂಬತ್ತು ಸಾವಿರ ರೂಪಾಯಿ ಕೊಟ್ಟು, ಕೊರೆಯುವ ಸರಳನ್ನು (ಬಿಟ್ಟನ್ನು) ಕಚ್ಚಿ ಹಿಡಿಯುವ 13 ಮಿಲಿಮೀಟರ್ ಚಕ್ ಇರುವ ಒಂದು ಬೆಂಚ್ ಡ್ರಿಲ್ (ಕಂಬಕ್ಕೆ ಕೂರಿಸಿದ, ನಿಲ್ಲಿಸಿಟ್ಟು ಕೊರೆಯುವ ಯಂತ್ರ) ತಂದು, ಬದಿಯಡ್ಕದ ಸಮೀಪದ ನನ್ನ ಮನೆಯಲ್ಲಿ ಅಡಿಕೆ ಒಣಗಿಸುವ ಅಂಗಳದ ಬದಿಯ ಮಾಡಿನ ಕೆಳಗೆ ಇರಿಸಿದೆ. ಮೊದಲ ವಾರ ಅದು ಕೊರೆದ ತೂತುಗಳು ಕೈಡ್ರಿಲ್ಲಿನ ತೂತುಗಳಿಗಿಂತ ಏನೂ ಮೇಲಾಗಿರಲಿಲ್ಲ.

ಕಾರಣ ನಿಧಾನವಾಗಿ ತಿಳಿಯಿತು. ಕಡಿಮೆ ಬೆಲೆಯ ಯಂತ್ರದಲ್ಲಿ ಮೋಟಾರು, ಕಂಬ, ಬೇರಿಂಗು ಇವೆಲ್ಲ ಸಾಮಾನ್ಯವಾಗಿ ಕೆಲಸಕ್ಕೆ ಸಾಕಾಗುವಷ್ಟು ಚೆನ್ನಾಗಿರುತ್ತವೆ; ಜೋಡಣೆಗೂ ಹೊಂದಿಸುವುದಕ್ಕೂ ಕೊಡಬೇಕಾದ ಹೊತ್ತನ್ನು ಮಾತ್ರ ಕಾರ್ಖಾನೆಯಲ್ಲಿ ಉಳಿಸಿರುತ್ತಾರೆ. ಆ ಹೊತ್ತನ್ನು ನಾವು ಕೊಡಬೇಕು. ಒಂದು ಭಾನುವಾರ ಸಾಕು.

ಮೊದಲು ಚಕ್. ಅದು ಸ್ಪಿಂಡಲಿನ, ಎಂದರೆ ತಿರುಗುವ ದಂಡದ, ತುದಿಯಲ್ಲಿ ಶಂಕುವಿನಂತೆ ಕಿರಿದಾಗುವ ಭಾಗಕ್ಕೆ ಬಿಗಿಯಾಗಿ ಕಚ್ಚಿ ನಿಲ್ಲುತ್ತದೆಯೇ ಹೊರತು ಹೆಚ್ಚಿನ ಯಂತ್ರಗಳಲ್ಲಿ ಅದನ್ನು ಹಿಡಿಯುವ ಬೇರೆ ಸ್ಕ್ರೂ ಇರುವುದಿಲ್ಲ. ತುಕ್ಕು ಹಿಡಿಯದಿರಲೆಂದು ಬಳಿದ ಗ್ರೀಸು ಆ ಭಾಗದಲ್ಲಿ ಉಳಿದಿದ್ದರೆ ಚಕ್ ಓರೆಯಾಗಿ ಕೂರುತ್ತದೆ, ಕೆಲವೊಮ್ಮೆ ಕೆಲಸದ ನಡುವೆಯೇ ಕಳಚಿ ಬೀಳುತ್ತದೆ. ಎರಡೂ ಮುಖಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಬಟ್ಟೆಯಲ್ಲಿ ಜಿಡ್ಡು ಸ್ವಲ್ಪವೂ ಉಳಿಯದಂತೆ ಒರೆಸಿ, ಚಕ್ಕಿನ ಹಲ್ಲುಗಳನ್ನು ಪೂರ್ತಿ ಒಳಕ್ಕೆ ಸರಿಸಿ, ಕೆಳಗಿನಿಂದ ಮರದ ಕೊಡತಿಯಲ್ಲಿ ಒಂದೆರಡು ಪೆಟ್ಟು ಕೊಟ್ಟು ಕೂರಿಸಬೇಕು. ನನ್ನ ಯಂತ್ರದಲ್ಲಿ ಬಿಟ್ಟಿನ ತುದಿ ಕಣ್ಣಿಗೆ ಕಾಣುವಂತೆ ಅಲುಗುತ್ತಿದ್ದುದರಲ್ಲಿ ಹೆಚ್ಚಿನ ಪಾಲು ಇಷ್ಟರಿಂದಲೇ ನಿಂತಿತು.

ಆಮೇಲೆ ಹಿಡಿಕೆಯನ್ನು ತಿರುಗಿಸಿದಾಗ ಸ್ಪಿಂಡಲನ್ನು ಹೊತ್ತು ಕೆಳಗಿಳಿಯುವ ದಪ್ಪ ಕೊಳವೆ. ಅದನ್ನು ಪೂರ್ತಿ ಇಳಿಸಿ, ಚಕ್ಕನ್ನು ಹಿಡಿದು ಅತ್ತಿತ್ತ ತಳ್ಳಿ ನೋಡಿದರೆ ಸಡಿಲ ಕೈಗೆ ತಿಳಿಯುತ್ತದೆ. ಯಂತ್ರದ ತಲೆಯ ಪಕ್ಕದಲ್ಲಿ ಲಾಕ್ ನಟ್ಟಿನೊಂದಿಗೆ ಒಂದು ಸಣ್ಣ ಸ್ಕ್ರೂ ಇದ್ದರೆ, ಅದು ಕೊಳವೆಯ ಉದ್ದನೆಯ ಗೀರಿನೊಳಗೆ ಒತ್ತಿ ನಿಲ್ಲುವಂಥದು. ಕೊಳವೆ ಸರಾಗವಾಗಿ ಇಳಿಯುವಷ್ಟು ಬಿಟ್ಟು, ಮಿಕ್ಕ ಸಡಿಲವನ್ನು ಆ ಸ್ಕ್ರೂವಿನಿಂದ ತೆಗೆದು ನಟ್ಟನ್ನು ಬಿಗಿಯಬೇಕು.

ಇನ್ನು ಬಿಟ್ಟಿಗೆ ಯಂತ್ರದ ಮೇಜು ಲಂಬವಾಗಿದೆಯೇ ಎಂದು ನೋಡುವುದು, ಇದೇ ಎಲ್ಲಕ್ಕಿಂತ ಮುಖ್ಯ. ದುಬಾರಿ ಅಳತೆಯ ಉಪಕರಣ ಇದಕ್ಕೆ ಬೇಡ. ಗಟ್ಟಿ ತಂತಿಯೊಂದನ್ನು ಎರಡು ಕಡೆ ಬಗ್ಗಿಸಿ, ಒಂದು ತುದಿಯನ್ನು ಚಕ್ಕಿಗೆ ಕಚ್ಚಿಸಿ, ಇನ್ನೊಂದು ತುದಿ ನಡುವಿನಿಂದ 100 ಮಿಲಿಮೀಟರ್ ದೂರದಲ್ಲಿ ಮೇಜನ್ನು ಸವರುವಂತೆ ಇಳಿಸಿ, ಪ್ಲಗ್ಗನ್ನು ಕಳಚಿಟ್ಟು ಕೈಯಿಂದ ತಿರುಗಿಸಿ ನೋಡಿ. ಒಂದು ಕಡೆ ತಂತಿ ಮೇಜಿಗೆ ತಾಗಿ, ಎದುರು ಕಡೆ ಒಂದು ಮಿಲಿಮೀಟರ್ ಸಂದು ಉಳಿದರೆ, 40 ಮಿಲಿಮೀಟರ್ ದಪ್ಪದ ವಸ್ತುವಿನಲ್ಲಿ ನಿಮ್ಮ ತೂತು 0.2 ಮಿಲಿಮೀಟರ್ ಓರೆಯಾಗಿ ಹೊರಬೀಳುತ್ತದೆ. ಎಡ-ಬಲದ ಓರೆಯನ್ನು ಮೇಜಿನಡಿಯ ಬೋಲ್ಟ್ ಸಡಿಲಿಸಿ ಸರಿಪಡಿಸಬಹುದು. ಹಿಂದು-ಮುಂದಿನ ಓರೆಗೆ ಯಂತ್ರದಲ್ಲಿ ಏರ್ಪಾಡು ಇರುವುದಿಲ್ಲ. ಅದಕ್ಕೆ ನಾನು ಮೇಜಿನ ಮೇಲೆ 18 ಮಿಲಿಮೀಟರ್ ಪ್ಲೈವುಡ್ಡಿನ ಹಲಗೆಯೊಂದನ್ನು ಬೋಲ್ಟು ಹಾಕಿ ಬಿಗಿದು, ತಗ್ಗಾದ ಕಡೆ ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ಅಲ್ಯುಮಿನಿಯಂ ತಗಡನ್ನು ಅಡಿಗೆ ಕೊಟ್ಟೆ. ಆ ತಗಡಿನ ದಪ್ಪ ಸುಮಾರು 0.1 ಮಿಲಿಮೀಟರ್ ಇರುವುದರಿಂದ, ಒಂದು ಪದರ, ಎರಡು ಪದರ ಎಂದು ಎಣಿಸಿ ಎಣಿಸಿ ಹೊಂದಿಸಬಹುದು. ದೊಡ್ಡ ತೂತು ಕೊರೆಯುವಾಗ ಒತ್ತಡಕ್ಕೆ ಮೇಜು ಬಾಗದಂತೆ ಅದರ ಮುಂಭಾಗಕ್ಕೆ ಅಡಿಯಿಂದ ಒಂದು ಮರದ ಆಸರೆಯನ್ನೂ ಕೊಡುತ್ತೇನೆ.

ವೇಗದ ವಿಷಯದಲ್ಲಿ ಅನೇಕರು ಎಡವುತ್ತಾರೆ. ವೇಗ ಬದಲಿಸಲು ಬೆಲ್ಟನ್ನು ಬೇರೆ ರಾಟೆಗೆ ಸರಿಸುವ ಬೇಸರಕ್ಕೆ ಇದ್ದ ವೇಗದಲ್ಲೇ ಎಲ್ಲವನ್ನೂ ಕೊರೆದು ಬಿಟ್ಟುಗಳನ್ನು ಸುಟ್ಟುಹಾಕುತ್ತಾರೆ. ಹೈಸ್ಪೀಡ್ ಸ್ಟೀಲಿನ ಬಿಟ್ಟಿನಿಂದ ಸಾಮಾನ್ಯ ಕಬ್ಬಿಣವನ್ನು ಕೊರೆಯಲು ಬಿಟ್ಟಿನ ಅಂಚು ಲೋಹದ ಮೇಲೆ ನಿಮಿಷಕ್ಕೆ 25 ಮೀಟರ್ ಓಡುವ ವೇಗ ಒಳ್ಳೆಯದು. ಇದರ ಲೆಕ್ಕ ಸುಲಭ: 8000ವನ್ನು ಬಿಟ್ಟಿನ ಮಿಲಿಮೀಟರ್ ಅಳತೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಬೇಕೆಂಬುದು ಬರುತ್ತದೆ. 4 ಮಿಲಿಮೀಟರ್ ಬಿಟ್ಟಿಗೆ 2000, 8ಕ್ಕೆ 1000, 10ಕ್ಕೆ 800. ಅಲ್ಯುಮಿನಿಯಮ್ಮಿಗೆ ಇದರ ಎರಡು ಪಟ್ಟಿಗೂ ಮಿಕ್ಕಿ ಹೋಗಬಹುದು. ಸ್ಟೇನ್‌ಲೆಸ್ ಸ್ಟೀಲಿಗೆ ಅರ್ಧಕ್ಕಿಂತ ಕೆಳಗಿಳಿಯಬೇಕು. ನನ್ನ ಯಂತ್ರದ ಅತಿ ಕಡಿಮೆ ವೇಗ 600 ಸುತ್ತು. ಆದ್ದರಿಂದ ಕಬ್ಬಿಣದಲ್ಲಿ 12 ಮಿಲಿಮೀಟರಿನವರೆಗೆ ಅದು ನಿಶ್ಚಿಂತೆಯಿಂದ ದುಡಿಯುತ್ತದೆ, ಸ್ಟೇನ್‌ಲೆಸ್ಸಿನಲ್ಲಿ 6 ಮಿಲಿಮೀಟರಿನಿಂದ ಮೇಲೆ ನಾನು ಅದನ್ನು ಒತ್ತಾಯಿಸುವುದಿಲ್ಲ. ಸಂಜೆಯ ಹೊತ್ತು ನಮ್ಮ ಕಡೆ ವೋಲ್ಟೇಜ್ 180ಕ್ಕೆ ಇಳಿದರೆ ದೊಡ್ಡ ತೂತುಗಳನ್ನು ಮರುದಿನಕ್ಕೆ ಬಿಡುವುದು ಲೇಸು. ಇಂಥ ಮೋಟಾರಿನ ತಿರುಚುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, 230ರ ಬದಲು 180 ಇದ್ದಾಗ ಉಳಿಯುವುದು ನೂರಕ್ಕೆ ಅರುವತ್ತು ಮಾತ್ರ.

ಕಬ್ಬಿಣ ಕೊರೆಯುವಾಗ ಹನಿಸಲು ನಾನು ತೆಂಗಿನೆಣ್ಣೆಯನ್ನೇ ಬಳಸುತ್ತೇನೆ. ಸಸ್ಯಜನ್ಯ ಎಣ್ಣೆಗಳಿಗೆ ಲೋಹದ ಮೇಲೆ ಜಾರುವ ಪದರವಾಗಿ ನಿಲ್ಲುವ ಗುಣ ಚೆನ್ನಾಗಿದೆ, ನಮ್ಮಲ್ಲಿ ಅದು ಮನೆಯಲ್ಲೇ ಇರುವ ವಸ್ತು. ಅಲ್ಯುಮಿನಿಯಮ್ಮಿಗೆ ಸೀಮೆಎಣ್ಣೆ, ಬೀಡು ಕಬ್ಬಿಣಕ್ಕೂ ಹಿತ್ತಾಳೆಗೂ ಏನೂ ಬೇಡ.

ಈ ಯಂತ್ರ ನನಗೆ ಅತ್ಯಂತ ಉಪಕಾರ ಮಾಡಿದ್ದು ಅಡಿಕೆ ಕೊಯ್ಯುವ ದೋಟಿಯ ಕೆಲಸದಲ್ಲಿ. ಒಂದರೊಳಗೊಂದು ಸೇರಿಸಿ ಬೋಲ್ಟು ಹಾಕುವ ಅಲ್ಯುಮಿನಿಯಂ ಕೊಳವೆಗಳಿಗೆ ಅಡ್ಡವಾಗಿ ತೂತು ಕೊರೆಯಬೇಕು. ಅದು ಕೊಳವೆಯ ನಡುವಿನ ಮೂಲಕವೇ ಹಾದುಹೋಗದಿದ್ದರೆ ಬೋಲ್ಟು ಒಂದು ಬದಿಗೆ ಎಳೆದು ಕೊಳವೆ ಅಲ್ಲಿ ಸೀಳುತ್ತದೆ. ಹಲಸಿನ ಮರದ ತುಂಡೊಂದರಲ್ಲಿ ಉದ್ದಕ್ಕೆ V ಆಕಾರದ 90 ಡಿಗ್ರಿಯ ಕಣಿವೆ ಕೊರೆದು, ಚೂಪು ತುದಿಯ ಸರಳನ್ನು ಚಕ್ಕಿಗೆ ಹಾಕಿ, ಆ ತುದಿ ಕಣಿವೆಯ ತಳಕ್ಕೆ ಸರಿಯಾಗಿ ಬೀಳುವಂತೆ ತುಂಡನ್ನು ಮೇಜಿಗೆ ಬಿಗಿದೆ. ಆಮೇಲೆ ಯಾವ ಗಾತ್ರದ ಕೊಳವೆಯನ್ನು ಅದರಲ್ಲಿ ಮಲಗಿಸಿದರೂ ತೂತು ನಡುವಿಗೇ ಬೀಳುತ್ತದೆ. ಎರಡು ಕೊಳವೆಗಳನ್ನು ಸೇರಿಸಿಟ್ಟು ಒಟ್ಟಿಗೇ ಮೊದಲು 3, ಆಮೇಲೆ 6 ಮಿಲಿಮೀಟರ್ ಕೊರೆದರೆ ಬೋಲ್ಟು ಬೆರಳಲ್ಲೇ ಇಳಿಯುತ್ತದೆ. ಅಲ್ಯುಮಿನಿಯಂ ದೋಟಿಯನ್ನು ವಿದ್ಯುತ್ ತಂತಿ ಹಾದುಹೋಗುವ ಕಡೆ ಎತ್ತಲೇಬಾರದೆಂಬ ಮಾತನ್ನು, ವಿಷಯದಿಂದ ತುಸು ಹೊರಗಾದರೂ, ಇಲ್ಲಿ ಹೇಳದೆ ಮುಂದೆ ಹೋಗಲಾರೆ.

ತೂತಿನೊಳಗೆ ಬೋಲ್ಟು ತಿರುಗಿ ಕೂರುವ ಮರೆ (ಥ್ರೆಡ್) ಹಾಕುವ ಕೆಲಸಕ್ಕೂ ಈ ಯಂತ್ರ ಒದಗುತ್ತದೆ. 8 ಮಿಲಿಮೀಟರ್ ಬೋಲ್ಟಿನ ಮರೆಗೆ 6.8, 6ಕ್ಕೆ 5 ಮಿಲಿಮೀಟರ್ ತೂತು ಕೊರೆದು, ವಸ್ತುವನ್ನು ಅಲುಗಿಸದೆ, ಪ್ಲಗ್ಗನ್ನು ಕಳಚಿ, ಬಿಟ್ಟಿನ ಜಾಗದಲ್ಲಿ ಮರೆ ಕೊರೆಯುವ ಟ್ಯಾಪನ್ನು ಕಚ್ಚಿಸಿ ಚಕ್ಕನ್ನು ಕೈಯಿಂದಲೇ ತಿರುಗಿಸಿದರೆ, ಟ್ಯಾಪು ಓರೆಯಾಗಿ ಮುರಿಯುವ ಭಯವಿಲ್ಲ.

ಅಪಾಯದ ಬಗ್ಗೆ ಒಂದು ಅನುಭವ. ಮೊದಲ ವರ್ಷ ಅಂಗೈಯಗಲದ ತಗಡೊಂದನ್ನು ಬಿಗಿಯಾಗಿ ಹಿಡಿದಿಡುವ ವೈಸಿಗೆ ಕಚ್ಚಿಸುವ ತಾಳ್ಮೆಯಿಲ್ಲದೆ ಕೈಯಲ್ಲೇ ಹಿಡಿದು ಕೊರೆದೆ. ಬಿಟ್ಟು ಕೆಳಗೆ ಹೊರಬೀಳುವ ಕ್ಷಣದಲ್ಲಿ ಅದರ ಮೂಗಿಗೆ ತಡೆ ಇಲ್ಲದಾಗಿ, ಅಂಚುಗಳು ಲೋಹವನ್ನು ಒಮ್ಮೆಲೇ ಕಚ್ಚುತ್ತವೆ. ತಗಡು ಬಿಟ್ಟಿನೊಂದಿಗೆ ಸುತ್ತಿ ನನ್ನ ಎಡಗೈ ಹೆಬ್ಬೆರಳಿನ ಬುಡವನ್ನು ಸೀಳಿತು. ಐದು ಹೊಲಿಗೆ ಹಾಕಬೇಕಾಯಿತು. ಈಗ ತೆಳು ತಗಡನ್ನು ಎರಡು ಪ್ಲೈವುಡ್ ಚೂರುಗಳ ನಡುವೆ ಇಟ್ಟು ಮೇಜಿಗೆ ಬಿಗಿದೇ ಕೊರೆಯುತ್ತೇನೆ, ತೂತೂ ಮೂರು ಮೂಲೆಯಾಗದೆ ದುಂಡಗೆ ಬರುತ್ತದೆ. ಕೈಗವಸು ಹಾಕಲೇಬಾರದು, ತಿರುಗುವ ಬಿಟ್ಟು ಅದನ್ನು ಎಳೆದುಕೊಳ್ಳುತ್ತದೆ. ಹೆಗಲ ಮೇಲಿನ ಬೈರಾಸನ್ನು ತೆಗೆದು ದೂರ ಇಡಬೇಕು, ಮುಂಡನ್ನು ಬಿಗಿಯಾಗಿ ಕಟ್ಟಬೇಕು, ಕಣ್ಣಿಗೆ ಕನ್ನಡಕ ಬೇಕು, ಚಕ್ಕಿನ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ಚು ಒತ್ತಬಾರದು. ಮೂರು ಪಿನ್ನಿನ ಪ್ಲಗ್ಗೂ ಸರಿಯಾದ ಅರ್ತಿಂಗೂ ನಮ್ಮ ತೇವದ ನೆಲದಲ್ಲಿ ಜೀವ ಉಳಿಸುವ ವಸ್ತುಗಳು.

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಯಂತ್ರಕ್ಕೆ ತುಕ್ಕೇ ದೊಡ್ಡ ಶತ್ರು. ಜೂನ್ ಬರುವ ಮೊದಲು ಕಂಬ, ಮೇಜು, ಚಕ್ ಎಲ್ಲದಕ್ಕೂ ಯಂತ್ರದ ಎಣ್ಣೆಯನ್ನು ತೆಳುವಾಗಿ ಒರೆಸಿ, ದಪ್ಪ ಹತ್ತಿಬಟ್ಟೆ ಹೊದಿಸುತ್ತೇನೆ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ನಿಲ್ಲುತ್ತದೆ. ತುಲಾವರ್ಷದ (ಹಿಂಗಾರು ಮಳೆಯ) ಗುಡುಗು ಸಿಡಿಲು ಮುಗಿದ ಮೇಲೆ, ಅಡಿಕೆ ಕೊಯ್ಲಿಗೆ ದೋಟಿ ಇಳಿಸುವ ಮೊದಲು, ಅದೇ ಬಗ್ಗಿಸಿದ ತಂತಿಯನ್ನು ಚಕ್ಕಿಗೆ ಹಾಕಿ ಮೇಜಿನ ಸುತ್ತ ಮತ್ತೊಮ್ಮೆ ತಿರುಗಿಸಿ ನೋಡುತ್ತೇನೆ. ಮಳೆಗಾಲದ ತೇವಕ್ಕೆ ಪ್ಲೈವುಡ್ ತುಸು ಉಬ್ಬಿರುವುದರಿಂದ, ಹೆಚ್ಚಿನ ವರ್ಷಗಳಲ್ಲಿ ಡಬ್ಬಿಯ ತಗಡಿನ ಒಂದು ಪದರವನ್ನು ಹೊರತೆಗೆಯಬೇಕಾಗುತ್ತದೆ.

ನಮಸ್ಕಾರ.