ತಂತಿಯಲ್ಲಿ ಹರಿಯುವುದು ನಾದವಲ್ಲ: ದೊಡ್ಡ ಕೀಬೋರ್ಡನ್ನು ಸಿಂಥಸೈಸರಿಗೆ ಜೋಡಿಸುವ ಬಗೆ

ಸಂಗೀತಾಸಕ್ತ ಮಿತ್ರರೇ,

ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಸರ್ ಎಂಬ ವಾದ್ಯದ ಚಿಕ್ಕ ಮಾದರಿಯನ್ನು ಕೊಂಡು ಕೆಲವು ತಿಂಗಳು ನುಡಿಸಿದವರು ಸಾಮಾನ್ಯವಾಗಿ ಒಂದೇ ಕೊರತೆಯನ್ನು ಹೇಳುತ್ತಾರೆ: ನಾದ ಚೆನ್ನಾಗಿದೆ, ಎರಡು ಕೈಯಾಡಿಸಲು ಜಾಗ ಸಾಲದು. 2002ರಲ್ಲಿ ಬಂದ ಮೈಕ್ರೋಕೋರ್ಗ್ ಎಂಬ ವಾದ್ಯವನ್ನೇ ತೆಗೆದುಕೊಳ್ಳಿ. ಅದರಲ್ಲಿರುವುದು ಕಿರಿದಾದ 37 ಮನೆಗಳು, ಎಂದರೆ ಮೂರು ಸ್ಥಾಯಿಗಳು. ಹಾರ್ಮೋನಿಯಂ ನುಡಿಸುವವರ ಬಾಯಲ್ಲಿರುವ ‘ಮನೆ’ ಎಂಬ ಮಾತನ್ನೇ ನಾನು ಇಂದು ಕೀಬೋರ್ಡಿನ ಕೀಗಳಿಗೂ ಬಳಸುತ್ತೇನೆ. ಆ ವಾದ್ಯದ ಒಳಗಿನ ಧ್ವನಿಯಂತ್ರವು ತನ್ನ 37 ಮನೆಗಳಾಚೆಯ ಸ್ವರಗಳನ್ನೂ ನುಡಿಯಬಲ್ಲದು. ಅವುಗಳನ್ನು ತಲುಪಲು ಬೆರಳಿಗೆ ದಾರಿಯಿಲ್ಲ, ಅಷ್ಟೇ. ಆ ದಾರಿಯನ್ನು 61 ಅಥವಾ 88 ಮನೆಗಳ ಕಂಟ್ರೋಲರ್ ಒದಗಿಸುತ್ತದೆ. ಕಂಟ್ರೋಲರ್ ಎಂದರೆ ಮನೆಗಳಿದ್ದೂ ಸ್ವಂತ ನಾದವಿಲ್ಲದ ಕೀಬೋರ್ಡು.

ಇವೆರಡನ್ನು ಬೆಸೆಯುವ ಮಿಡಿ ಎಂಬ ವ್ಯವಸ್ಥೆ ಹುಟ್ಟುವ ಮುನ್ನ ಒಂದು ಕಂಪನಿಯ ವಾದ್ಯವು ಇನ್ನೊಂದು ಕಂಪನಿಯ ವಾದ್ಯದೊಡನೆ ಮಾತನಾಡುವುದು ದುಸ್ತರವಾಗಿತ್ತು. ಅಮೆರಿಕದ ಸೀಕ್ವೆನ್ಶಿಯಲ್ ಸರ್ಕಿಟ್ಸ್ ಸಂಸ್ಥೆಯ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಸಂಸ್ಥೆಯ ಇಕುತಾರೊ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ 1983ರ ಜನವರಿಯಲ್ಲಿ, ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ನಡೆದ ವಾದ್ಯಗಳ ಮೇಳದಲ್ಲಿ, ಪ್ರಾಫೆಟ್-600 ಮತ್ತು ಜುಪಿಟರ್-6 ಎಂಬ ಎರಡು ಸಿಂಥಸೈಸರುಗಳನ್ನು ಮೊದಲ ಬಾರಿಗೆ ಎಲ್ಲರೆದುರು ಜೋಡಿಸಿ ತೋರಿಸಲಾಯಿತು. ಪೈಪೋಟಿಯಲ್ಲಿದ್ದ ಕಂಪನಿಗಳು ಹೀಗೆ ಒಂದೇ ಭಾಷೆಗೆ ಒಪ್ಪಿದ್ದು ಸಂಗೀತಗಾರರಿಗೆ ಸಿಕ್ಕ ದೊಡ್ಡ ಉಪಕಾರವೆಂದು ನಾನು ನಂಬಿದ್ದೇನೆ, ಏಕೆಂದರೆ ಅಂದಿನ ಆ ಭಾಷೆಯನ್ನೇ ಇಂದು ಅಂಗಡಿಯಿಂದ ತಂದ ಕಂಟ್ರೋಲರೂ ಆಡುತ್ತದೆ.

ಈ ತಂತಿಯಲ್ಲಿ ನಾದ ಹರಿಯುವುದಿಲ್ಲ ಎಂಬ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದರೆ ಉಳಿದ ಗೊಂದಲಗಳೆಲ್ಲ ತಾವಾಗಿ ಬಿಡಿಸಿಕೊಳ್ಳುತ್ತವೆ. ಹರಿಯುವುದು ಬೆರಳಿನ ವರದಿ. ನೀವು ಒಂದು ಮನೆಯನ್ನು ಒತ್ತಿದಾಗ ಮೂರು ಅಂಕಿಗಳು ಹೊರಡುತ್ತವೆ: ಇಂಥ ಚಾನಲ್‌ನಲ್ಲಿ, ಎಂದರೆ ವರದಿಗೆ ಗೊತ್ತುಮಾಡಿದ ಇಂಥ ಸಂಖ್ಯೆಯ ದಾರಿಯಲ್ಲಿ, ಒತ್ತಲಾಗಿದೆ ಎಂಬುದು ಮೊದಲನೆಯದು, ಯಾವ ಮನೆ ಎಂಬುದು ಎರಡನೆಯದು, ಎಷ್ಟು ರಭಸದಿಂದ ಎಂಬುದು ಮೂರನೆಯದು. ಮನೆಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ. ಪಿಯಾನೋದ ನಡುವಿನ ‘ಸಿ’ ಸ್ವರದ ಸಂಖ್ಯೆ 60. 88 ಮನೆಗಳ ಕೀಬೋರ್ಡು 21ರಿಂದ 108ರವರೆಗೆ ಚಾಚುತ್ತದೆ. ಬೆರಳೆತ್ತಿದಾಗ ‘ಬಿಟ್ಟೆ’ ಎಂಬ ಇನ್ನೊಂದು ವರದಿ ಹೋಗುತ್ತದೆ. ನಮ್ಮ ಕನ್ನಡದಲ್ಲಿ ತಂತಿಯನ್ನು ಬೆರಳಿನಿಂದ ಮೀಟುವುದಕ್ಕೂ ಮಿಡಿ ಎನ್ನುತ್ತೇವೆ. ಹೆಸರಿನ ಈ ಹೋಲಿಕೆ ಆಕಸ್ಮಿಕವಾದರೂ ಬೆರಳಿನ ಆ ಕ್ರಿಯೆಯೇ ಇಲ್ಲಿಯೂ ಮುಖ್ಯವಾಗಿರುವುದು ನನಗೆ ಸಂತೋಷ ಕೊಡುತ್ತದೆ.

ಇದರ ಅರ್ಥವನ್ನು ನಾನು ಕಲಿತದ್ದು ಒಂದು ಕಾರ್ಯಕ್ರಮದಲ್ಲಿ. ಸ್ವರವೊಂದನ್ನು ಒತ್ತಿ ಹಿಡಿದಿದ್ದಾಗ ಕಾಲು ತಗುಲಿ ಮಿಡಿ ಕೇಬಲ್ ಕಳಚಿತು. ನಾನು ಕೈಯೆತ್ತಿದರೂ ಸ್ವರ ನಿಲ್ಲಲಿಲ್ಲ. ‘ಒತ್ತಿದೆ’ ಎಂಬ ವರದಿ ತಲುಪಿತ್ತು, ‘ಬಿಟ್ಟೆ’ ಎಂಬುದು ದಾರಿಯಲ್ಲೇ ಕಳೆದುಹೋಗಿತ್ತು. ಕೇಬಲನ್ನು ಮತ್ತೆ ಸಿಕ್ಕಿಸಿದ ಮೇಲೂ ಸಿಂಥಸೈಸರ್ ತನಗೆ ಬಂದ ಕೊನೆಯ ಮಾತನ್ನೇ ಪಾಲಿಸುತ್ತಿತ್ತು. ಇಂಥ ಸಂದರ್ಭಕ್ಕಾಗಿಯೇ ಎಲ್ಲ ಸ್ವರಗಳನ್ನೂ ನಿಲ್ಲಿಸುವ ಆದೇಶವೊಂದು ಮಿಡಿಯಲ್ಲಿದೆ, ಅದರ ಸಂಖ್ಯೆ 123. ಎಷ್ಟೋ ಕಂಟ್ರೋಲರುಗಳಲ್ಲಿ ಪ್ಯಾನಿಕ್ ಎಂಬ ಗುಂಡಿಯೂ ಇರುತ್ತದೆ. ಅದು ಎಲ್ಲಿದೆ ಎಂಬುದನ್ನು ವೇದಿಕೆ ಹತ್ತುವ ಮುನ್ನವೇ ನೋಡಿಟ್ಟುಕೊಳ್ಳಬೇಕು.

ಜೋಡಣೆಯ ಕ್ರಮ ಸರಳ. ಐದು ಪಿನ್ನುಗಳ ದುಂಡು ಕೇಬಲ್ಲಿನ ಒಂದು ತುದಿ ಕಂಟ್ರೋಲರಿನ ಔಟ್‌ಗೆ, ಇನ್ನೊಂದು ತುದಿ ಸಿಂಥಸೈಸರಿನ ಇನ್‌ಗೆ ಹೋಗಬೇಕು. ಔಟನ್ನು ಔಟ್‌ಗೇ ಸೇರಿಸಿ ಗಂಟೆಗಟ್ಟಲೆ ಒದ್ದಾಡಿದವರನ್ನು ನಾನು ಬಲ್ಲೆ. ಕೇಬಲ್ 15 ಮೀಟರಿಗಿಂತ ಉದ್ದವಾಗಬಾರದು. ಅದರಲ್ಲಿ ನಾದವಿಲ್ಲದ ಕಾರಣ ಸಿಂಥಸೈಸರಿನ ಆಡಿಯೋ ಔಟ್‌ನಿಂದ ಸ್ಪೀಕರಿಗೆ ಬೇರೆ ತಂತಿ ಇರಲೇಬೇಕು. ಇಂದಿನ ಅನೇಕ ಕಂಟ್ರೋಲರುಗಳಲ್ಲಿ ಯುಎಸ್‌ಬಿ ಮಾತ್ರ ಇದ್ದು ದುಂಡು ಕಿಂಡಿ ಇರುವುದೇ ಇಲ್ಲ. ಯುಎಸ್‌ಬಿಯಲ್ಲಿ ಯಾರಾದರೊಬ್ಬರು ಯಜಮಾನರಾಗಿ ಸಂವಾದ ನಡೆಸಬೇಕಾಗುತ್ತದೆ, ಕಂಟ್ರೋಲರಾಗಲಿ ಸಾಮಾನ್ಯ ಸಿಂಥಸೈಸರಾಗಲಿ ಆ ಕೆಲಸ ಮಾಡುವುದಿಲ್ಲ. ಆದ್ದರಿಂದ ನಡುವೆ ಕಂಪ್ಯೂಟರನ್ನೋ ಯುಎಸ್‌ಬಿ ಹೋಸ್ಟ್ ಪೆಟ್ಟಿಗೆಯನ್ನೋ ಇಡಬೇಕು. ಕೊಳ್ಳುವಾಗಲೇ ಹಿಂಬದಿಯ ಕಿಂಡಿಗಳನ್ನು ನೋಡಿದರೆ ಈ ಖರ್ಚು ಉಳಿಯುತ್ತದೆ.

ತಂತಿ ಸರಿಯಿದ್ದೂ ನಾದ ಬಾರದಿದ್ದರೆ ಮೊದಲು ಚಾನಲ್ ನೋಡಿ. ಮಿಡಿಯಲ್ಲಿ 16 ಚಾನಲ್‌ಗಳಿವೆ. ಕಂಟ್ರೋಲರ್ 1ರಲ್ಲಿ ಹೇಳುತ್ತಿದ್ದು ಸಿಂಥಸೈಸರ್ 3ಕ್ಕೆ ಮಾತ್ರ ಕಿವಿಗೊಟ್ಟಿದ್ದರೆ ಮೌನವೇ ಫಲ. ನಾದ ಬಂದೂ ಮೃದು ಒತ್ತು, ಬಲವಾದ ಒತ್ತು ಎರಡೂ ಒಂದೇ ರೀತಿ ಕೇಳಿಸಿದರೆ ಕಂಟ್ರೋಲರನ್ನು ದೂರಬೇಡಿ. ಸಾಮಾನ್ಯವಾಗಿ ರಭಸದ ಅಂಕಿ ತಲುಪುತ್ತಿರುತ್ತದೆ, ಆದರೆ ಆರಿಸಿಕೊಂಡ ಧ್ವನಿಯಲ್ಲಿ ಅದನ್ನು ನಾದದ ಜೋರಿಗೋ ನಾದದ ಹೊಳಪನ್ನು ಬದಲಿಸುವ ಫಿಲ್ಟರಿಗೋ ಜೋಡಿಸಿರುವುದಿಲ್ಲ.

ಎಷ್ಟು ಮನೆಗಳು ಸೇರಿದರೂ ಸಿಂಥಸೈಸರಿನ ಕಂಠಗಳು ಹೆಚ್ಚುವುದಿಲ್ಲ ಎಂಬುದನ್ನು ಕೊಳ್ಳುವವರು ಹೆಚ್ಚಾಗಿ ಮರೆಯುತ್ತಾರೆ. ಮೈಕ್ರೋಕೋರ್ಗ್ ಒಮ್ಮೆಗೆ ನಾಲ್ಕು ಸ್ವರಗಳನ್ನು ಮಾತ್ರ ನುಡಿಯಬಲ್ಲದು. ಎಡಗೈಯಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ಹಿಡಿದು ಬಲಗೈಯಲ್ಲಿ ಎರಡು ಸ್ವರ ಒತ್ತಿದರೆ ಐದನೆಯದಕ್ಕೆ ಜಾಗ ಮಾಡಿಕೊಡಲು ಮೊದಲಿನದೊಂದು ಅಡಗುತ್ತದೆ. ಪಿಯಾನೋದಂತೆ ನುಡಿಸಬೇಕೆಂಬ ಆಸೆಯಿಂದ 88 ಮನೆ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ: ಮೊದಲು ನಿಮ್ಮ ಸಿಂಥಸೈಸರಿನ ಕಂಠಗಳನ್ನು ಎಣಿಸಿ. ನಾಲ್ಕೇ ಇದ್ದರೆ 61 ಮನೆಗಳು ಧಾರಾಳವಾಗಿ ಸಾಕು.

ಕೊನೆಯದಾಗಿ, ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ, ನಮ್ಮ ಸಂಗೀತಕ್ಕೆ ಬಹಳ ಬೇಕಾದ ಪಿಚ್ ಬೆಂಡ್ ಚಕ್ರ. ಅದು ಕಳಿಸುವ ವರದಿಗೆ 16,384 ಹಂತಗಳಿವೆ, ಆದ್ದರಿಂದ ಗಮಕಕ್ಕೆ ಬೇಕಾದ ನುಣುಪು ದೊರೆಯಲು ಅವಕಾಶವಿದೆ. ಆದರೆ ಚಕ್ರ ಎಷ್ಟು ತಿರುಗಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಸ್ವರ ಎಷ್ಟು ಜಾರಬೇಕು ಎಂಬುದನ್ನು ಸಿಂಥಸೈಸರ್ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಅದನ್ನು ಮೇಲಕ್ಕೂ ಕೆಳಕ್ಕೂ ಎರಡೆರಡು ಮನೆಗಳಿಗೆ ನಿಗದಿ ಮಾಡಿರುತ್ತಾರೆ. ಕರ್ನಾಟಕ ಸಂಗೀತದ ತೋಡಿ ರಾಗದ ಗಾಂಧಾರಕ್ಕೆ ಇದು ಸರಿಯಾದ ಅಳತೆ: ಸಾಧಾರಣ ಗಾಂಧಾರವನ್ನು ಒತ್ತಿ ಹಿಡಿದರೆ ಚಕ್ರದ ಮೇಲಿನ ತುದಿಯಲ್ಲಿ ಶುದ್ಧ ಮಧ್ಯಮ, ಕೆಳಗಿನ ತುದಿಯಲ್ಲಿ ಶುದ್ಧ ರಿಷಭ ಸಿಗುತ್ತವೆ. ಧ್ವನಿಯೊಂದರಲ್ಲಿ ಅದೇ ಮಿತಿಯನ್ನು 12 ಎಂದು ಇಟ್ಟಿದ್ದರೆ ಅದೇ ಕೈಚಲನೆ ಸ್ವರವನ್ನು ಒಂದು ಸ್ಥಾಯಿ ಆಚೆಗೆ ಎಸೆಯುತ್ತದೆ. ಇನ್ನೊಂದು ವಿಷಯ: ಬೆಂಡ್ ಎಂಬುದು ಇಡೀ ಚಾನಲ್‌ಗೆ ಅನ್ವಯಿಸುವ ಮಾತು, ಒಂದು ಮನೆಗಲ್ಲ. ಎಡಗೈಯಲ್ಲಿ ಆಧಾರ ಷಡ್ಜವನ್ನು ಹಿಡಿದು ಬಲಗೈಯ ಗಾಂಧಾರವನ್ನು ತೂಗಿಸಿದರೆ ಷಡ್ಜವೂ ಅದರೊಡನೆ ತೂಗುತ್ತದೆ. ಆದ್ದರಿಂದ ಷಡ್ಜವನ್ನು ಬೇರೆ ಚಾನಲ್‌ಗೆ ವಹಿಸಿ, ಇಲ್ಲವೇ ಪಕ್ಕದಲ್ಲೊಂದು ಶ್ರುತಿಪೆಟ್ಟಿಗೆ ಇಟ್ಟುಕೊಳ್ಳಿ.